ಅರಿಸಿನವಿಲ್ಲದ ಹುತ್ತ

ಈ ಬರಹದಲ್ಲಿ ನಾನು ಖಚಿತವಾಗಿ ಹೇಳಬಲ್ಲ ದಿನಾಂಕಗಳು ಮೂರೇ. 1956ರ ನವೆಂಬರ್ ಒಂದು, ಗುರುವಾರ: ಅದುವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ದಿನ. ಮರುದಿನ ಶುಕ್ರವಾರ ದೀಪಾವಳಿ ಅಮಾವಾಸ್ಯೆ. ಅದರ ಮರುದಿನ ಶನಿವಾರ ಬಲಿಪಾಡ್ಯ. ನನ್ನ ನೆನಪಿನಲ್ಲಿ ಈ ಮೂರು ದಿನಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನೆನಪು ತನ್ನ ಅನುಕೂಲಕ್ಕೆ ದಿನಗಳನ್ನು ಹೀಗೆ ಒಟ್ಟುಗೂಡಿಸುವುದುಂಟು ಎಂಬ ಗುಮಾನಿಯಿಂದ ಹಳೆಯ ಪಂಚಾಂಗವೊಂದನ್ನು ಹುಡುಕಿ ತಾಳೆ ನೋಡಿದೆ. ಈ ಒಂದು ಸಂಗತಿಯಲ್ಲಿ ನೆನಪು ಸುಳ್ಳಾಡಿರಲಿಲ್ಲ. ಉಳಿದ ಘಟನೆಗಳಿಗೆ ದಿನಾಂಕ ಹಾಕುವ ಧೈರ್ಯ ನನಗಿಲ್ಲ. ಆಗ ದಿನಚರಿ ಬರೆಯುವ ಅಭ್ಯಾಸವಿರಲಿಲ್ಲ.

ಊರು ಶಹಾಪುರ ತಾಲ್ಲೂಕಿನದು, ಸಗರದಿಂದ ನಡೆದು ಹೋಗಬಹುದಾದಷ್ಟು ದೂರ. ಹೆಸರು ಬೇಡ. ಊರಿನ ಅರ್ಧದಷ್ಟು ಮನೆಗಳು ಹಾಲುಮತದ ಕುರಿಗಾರರವು. ಅಲ್ಲಿಯ ಮಾಧ್ಯಮಿಕ ಶಾಲೆಗೆ ನಾನು ವಿಜ್ಞಾನದ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ವಾಡಿಯ ರೈಲ್ವೆ ನೌಕರನ ಮಗನಾದ ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಕಲಿಸಬೇಕಾದದ್ದು ಕನ್ನಡದಲ್ಲಿ. ಏಳನೆಯ ತರಗತಿಗೆ ಕನ್ನಡದ ವಿಜ್ಞಾನ ಪುಸ್ತಕ ಬರುತ್ತದೆ ಎಂಬ ಭರವಸೆ ಬಂದಿತ್ತು, ಪುಸ್ತಕ ಬಂದಿರಲಿಲ್ಲ. ಹೀಗಾಗಿ ಉರ್ದು ಪಾಠವನ್ನು ಮೊದಲು ಓದಿಕೊಂಡು, ಪ್ರತಿ ವಾಕ್ಯವನ್ನೂ ಕನ್ನಡಕ್ಕೆ ತಂದು, ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಿಂದ ಅದನ್ನು ಅವನದೇ ಮಾತಿನಲ್ಲಿ ಹೇಳಿಸಿ, ಅರ್ಥ ಉಳಿದಿದೆ ಎಂದು ಕಂಡ ಮೇಲೆ ಹಲಗೆಯ ಮೇಲೆ ಬರೆಯುವ ಪದ್ಧತಿ ಇಟ್ಟುಕೊಂಡಿದ್ದೆ. ನಿಧಾನದ ಕೆಲಸ. ದಸರೆಯ ರಜೆ ಮುಗಿದ ಮೇಲೆ ನಾವು ‘ಇರ್ತಿಕಾ’ ಎಂಬ ಪಾಠಕ್ಕೆ ಬಂದೆವು. ಜೀವಿಗಳ ವಿಕಾಸ ಎಂದು ಹಲಗೆಯ ಮೇಲೆ ಬರೆದೆ.

ನನ್ನ ಬಿಡಾರ ಒಬ್ಬ ಹಿರಿಯ ಕುರಿಗಾರನ ಮನೆಯ ಪಡಸಾಲೆಯಲ್ಲಿತ್ತು. ಊರೆಲ್ಲ ಅವನನ್ನು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆ. ಅವನ ಹೆಂಡತಿ ಆಯಿ ನನಗೂ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗಳು ನನ್ನ ಏಳನೆಯ ತರಗತಿಯಲ್ಲಿದ್ದಳು. ಹಾಲುಮತದ ಕಥೆಗಳನ್ನು ಡೊಳ್ಳಿನ ಜೊತೆ ಹೇಳುವ ಹಕ್ಕು ಆ ಸೀಮೆಯಲ್ಲಿ ಮುತ್ಯಾನದು. ಸಂಜೆ ಊಟಕ್ಕೆ ಮುಂಚೆ ಅಂಗಳದ ಕಟ್ಟೆಯ ಮೇಲೆ ಮನೆಯ ಮಕ್ಕಳನ್ನು ಕೂರಿಸಿಕೊಂಡು, ಲೋಕ ಹುಟ್ಟಿದ್ದು, ಕುರಿ ಹುಟ್ಟಿದ್ದು ಹೇಗೆಂದು ಹೇಳುತ್ತಿದ್ದ. ಹೊಲ ಉಳುತ್ತಿದ್ದ ಮೂಲಪುರುಷನ ಕುಳ ಒಂದು ಹುತ್ತಕ್ಕೆ ತಾಗಿತು. ಹುತ್ತ ಒಡೆದು ಒಳಗಿಂದ ಕುರಿಗಳು ಹೊಳೆಯಂತೆ ಹರಿದುಬಂದವು. ‘ಒಡೆದವನು ನೀನು, ಕಾಯುವವನೂ ನೀನೇ. ಮುಂದೆ ನಡೆ, ತಿರುಗಿ ನೋಡಬೇಡ’ ಎಂದಿತು ದೇವರು. ಅವನು ನಡೆದ. ಹಿಂದಿನ ಸದ್ದಿಗೆ ಹೆದರಿ ತಿರುಗಿ ನೋಡಿದ. ಆಗಲೇ ಹೊರಗೆ ಬಂದಿದ್ದಂಥವು ಕುರಿಗಳಾಗಿ ಉಳಿದವು. ಇನ್ನೂ ಬರುತ್ತಿದ್ದಂಥವು ಕಾಡುಮೃಗಗಳಾಗಿ ಚದುರಿದವು. ನಾನು ಪಡಸಾಲೆಯಲ್ಲಿ ಪಾಠ ಅನುವಾದಿಸುತ್ತ ಇದನ್ನು ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ತಾಯಿ ಬ್ರಹ್ಮನ ಕಥೆ ಹೇಳಿ ಊಟ ಮಾಡಿಸುತ್ತಿದ್ದಳು. ಕಥೆಗಳ ಬಗ್ಗೆ ನನಗೆ ತಿರಸ್ಕಾರವಿರಲಿಲ್ಲ. ಒಂದೇ ಅಂಗಳದ ಈ ತುದಿಯಲ್ಲಿ ಒಂದು ಸೃಷ್ಟಿ, ಆ ತುದಿಯಲ್ಲಿ ಇನ್ನೊಂದು ಎಂದು ಮನಸ್ಸಿನಲ್ಲಿಯೇ ನಗುತ್ತಿದ್ದೆ.

ಪುಸ್ತಕದ ಉದಾಹರಣೆಗಳು ಪಾರಿವಾಳ ಮತ್ತು ನಾಯಿ. ಈ ಮಕ್ಕಳಿಗೆ ಕುರಿಯೇ ಸರಿ ಎಂದುಕೊಂಡು, ಮೊದಲು ಕುರಿಗಳು ಎಲ್ಲಿಂದ ಬಂದವು ಎಂದು ಕೇಳಿದೆ. ಹಾಲುಮತದ ಮಕ್ಕಳೆಲ್ಲ ಒಂದೇ ದನಿಯಲ್ಲಿ ಹುತ್ತದಿಂದ ಎಂದರು. ಮಗ್ಗಿ ಒಪ್ಪಿಸುವಾಗ ಎಂದೂ ಕಾಣದ ಹೆಮ್ಮೆ ಆ ದನಿಯಲ್ಲಿತ್ತು. ಅದು ಮನೆಯಲ್ಲಿ ಹೇಳುವ ಕಥೆ ಎಂದೆ. ಬೆಟ್ಟಗಳ ಕಾಡುಕುರಿಯನ್ನು ಮನುಷ್ಯ ಹಿಡಿದು ಪಳಗಿಸಿದ್ದು, ಬೇಕಾದ ಟಗರನ್ನು ಆರಿಸಿ ಉಳಿಸುತ್ತ ಹೋದದ್ದು, ತಲೆಮಾರುಗಳಲ್ಲಿ ಕುರಿ ಬದಲಾದದ್ದು, ಮನುಷ್ಯನ ಕೈಯಿಲ್ಲದೆಯೂ ನಿಸರ್ಗದಲ್ಲಿ ಇಂಥದೇ ಆಯ್ಕೆ ನಡೆಯುವುದು, ಇಷ್ಟನ್ನು ವಿವರಿಸಿದೆ. ಕೇಳಿಕೊಂಡರು. ನಂಬಿದಂತೆ ಕಾಣಲಿಲ್ಲ. ವಿಜ್ಞಾನದಲ್ಲಿ ಮಾತಿಗಿಂತ ಕಣ್ಣು ದೊಡ್ಡದು ಎಂದು ನನ್ನ ಗುರುಗಳು ಕಲಿಸಿದ್ದರು. ಹಾಗಾದರೆ ಹುತ್ತವನ್ನೇ ತೆರೆದು ನೋಡೋಣ ಎಂದು ನಿಶ್ಚಯಿಸಿದೆ.

ಆ ನಿಶ್ಚಯದಲ್ಲಿ ಎಚ್ಚರಿಕೆ ಇಲ್ಲದಿರಲಿಲ್ಲ. ಪೂಜೆಗೊಳ್ಳುವ ಹುತ್ತವನ್ನು ಮುಟ್ಟಬಾರದೆಂಬ ತಿಳಿವಳಿಕೆ ನನಗಿತ್ತು. ಶಾಲೆಯ ಹಿಂದಿನ ಬೀಳಿನಲ್ಲಿದ್ದ ಹುತ್ತಗಳನ್ನು ಒಂದೊಂದಾಗಿ ಸುತ್ತಿ ನೋಡಿದೆ. ಎರಡಕ್ಕೆ ಅರಿಸಿನ ಕುಂಕುಮ ಹಚ್ಚಿದ್ದರು. ಒಂದರ ಬುಡದಲ್ಲಿ ಹಾಲಿನ ಬಟ್ಟಲಿತ್ತು. ಅವನ್ನು ಬಿಟ್ಟೆ. ದೂರದಲ್ಲಿ, ಜಾಲಿ ಗಿಡದ ಮಗ್ಗುಲಲ್ಲಿ ಎದೆಯೆತ್ತರದ ಒಂದು ಹುತ್ತ ನಿಂತಿತ್ತು. ಅರಿಸಿನವಿಲ್ಲ, ದಾರವಿಲ್ಲ, ಒಡೆದ ಬಳೆಯ ಚೂರಿಲ್ಲ. ಯಾರ ಕೈಯೂ ತಾಗಿದ ಗುರುತಿರಲಿಲ್ಲ. ಅದನ್ನೇ ಆರಿಸಿದೆ.

ಹಾವಿದ್ದೀತೆಂದು ಮೊದಲು ಬಿಲಗಳಲ್ಲಿ ಉದ್ದನೆಯ ಕೋಲು ಆಡಿಸಿ, ಹೊಗೆ ಹಾಕಿ ಕಾದೆವು. ಬಳಿಕ ನೆತ್ತಿಯಿಂದ ಬುಡಕ್ಕೆ ನೇರವಾಗಿ ಒಂದು ಗೆರೆ ಎಳೆದು, ಒಂದು ಪಾಲನ್ನು ಮಾತ್ರ ಗುದ್ದಲಿಯಿಂದ ಕೆಡವಿದೆವು. ಇನ್ನೊಂದು ಪಾಲು ಸೀಳಿದ ಹಣ್ಣಿನಂತೆ ನಿಲ್ಲಬೇಕು. ಹೊರಗಿನ ಕವಚ ಸುಟ್ಟ ಇಟ್ಟಿಗೆಯಷ್ಟು ಗಟ್ಟಿ. ಒಳಗೆ ಒಂದರಿಂದ ಇನ್ನೊಂದಕ್ಕೆ ಹೋಗುವ ಓಣಿಗಳು, ಓಣಿಗಳ ನಡುವೆ ಕೋಣೆಗಳು, ಕೋಣೆಗಳಲ್ಲಿ ಗೆದ್ದಲುಗಳು ಬೆಳೆಸಿದ್ದ ಬೂಷ್ಟಿನ ಮೆತ್ತನೆಯ ಗಡ್ಡೆಗಳು. ನೆಲಮಟ್ಟಕ್ಕಿಂತ ಕೆಳಗೆ ಅಂಗೈಯಷ್ಟು ಅಗಲದ ಒಂದು ಗಟ್ಟಿ ಕೋಣೆ. ಅದನ್ನು ಚಾಕುವಿನಿಂದ ಬಿಡಿಸಿದಾಗ ಬೆರಳುದ್ದದ ಬಿಳಿ ರಾಣಿ ಮೈ ಅಲುಗಿಸುತ್ತ ಬಿದ್ದಿತ್ತು, ಪಕ್ಕದಲ್ಲಿ ಪುಟ್ಟ ರಾಜ. ಮಕ್ಕಳು ಪಾಟಿಗಳ ಮೇಲೆ ಚಿತ್ರ ಬರೆದರು. ನನ್ನ ಅಧ್ಯಾಪನದಲ್ಲಿ ಅದಕ್ಕಿಂತ ಚೆನ್ನಾದ ಪಾಠವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಕೊನೆಗೆ ಒಬ್ಬ ತುಂಟ, ಕುರಿ ಎಲ್ಲಿ ಅದಾವ್ರಿ ಮಾಸ್ತರ್ರೀ ಎಂದ. ಎಲ್ಲರೂ ನಕ್ಕರು. ನೀವೇ ಕಣ್ಣಾರೆ ನೋಡಿದಿರಲ್ಲ ಎಂದೆ, ನಾನೂ ನಕ್ಕೆ. ಆ ನಗು ನನಗಿಂತ ಮೊದಲು ಊರು ಸೇರಿತು.

ಅಂದು ಸಂಜೆ ಮುತ್ಯಾ ಕಥೆ ಹೇಳಲಿಲ್ಲ. ಕುರಿಗಾರರ ದೈವ ಬೀರದೇವರ ಪೂಜಾರಿಯೊಂದಿಗೆ ಬೀಳಿನ ಕಡೆಯಿಂದ ಬಂದವನು ನನ್ನ ಕಡೆ ನೋಡದೆ ಒಳಗೆ ಹೋದ. ಒಳಗೆ ದನಿ ಏರಲಿಲ್ಲ. ಏರಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಮ್ಮಗಳು ನನ್ನ ಊಟದ ತಾಟು ತಂದಿಟ್ಟು, ತಲೆ ತಗ್ಗಿಸಿಯೇ ಹೇಳಿದಳು.

“ನೀವು ಒಡದ ಹುತ್ತ ಮುತ್ಯಾ ನೋಡಿ ಇಟ್ಟದ್ದಂತ್ರಿ. ಪಾಡ್ಯದ ಹುತ್ತಂತ.”

ಅರಿಸಿನ ಹಚ್ಚಿರಲಿಲ್ಲವಲ್ಲ ಎಂದೆ.

“ಹಚ್ಚಂಗಿಲ್ರಿ. ಮುಟ್ಟಲಾರದ್ದು ಬೇಕು.”

ಉಳಿದದ್ದನ್ನು ಅವಳಿಂದ ಬಿಡಿಬಿಡಿಯಾಗಿ ಕೇಳಿ ತಿಳಿದೆ. ಪ್ರತಿ ವರ್ಷ ಬಲಿಪಾಡ್ಯದಂದು ಕುರಿಹಟ್ಟಿಯಲ್ಲಿ ಸಣ್ಣದೊಂದು ಹುತ್ತ ಕಟ್ಟಿ, ಪೂಜಿಸಿ, ಒಬ್ಬನನ್ನು ಮುಂದೆ ನಡೆಸಿ, ಅದರ ಮಗ್ಗುಲಿಂದ ಕುರಿಗಳನ್ನು ಓಡಿಸುತ್ತಾರೆ: ಕುರಿ ಹುಟ್ಟಿದ ದಿನವನ್ನು ಮತ್ತೆ ನಡೆಸಿದಂತೆ. ಅದಕ್ಕೆ ಬೇಕಾದ ಮಣ್ಣು ಎಂದೂ ಪೂಜೆಗೊಳ್ಳದ, ಯಾರೂ ಮುಟ್ಟದ ಹುತ್ತದ್ದೇ ಆಗಬೇಕು. ಮುತ್ಯಾ ತಿಂಗಳುಗಳ ಮೊದಲೇ ಒಂದನ್ನು ಮನಸ್ಸಿನಲ್ಲಿ ಗುರುತಿಸಿ, ಯಾರಿಗೂ ಹೇಳದೆ, ಯಾವ ಗುರುತೂ ಮಾಡದೆ ಬಿಟ್ಟಿರುತ್ತಾನೆ. ಪಾಡ್ಯದ ನಸುಕಿನಲ್ಲಿ ಉಪವಾಸವಿದ್ದು ತಾನೇ ಮೊದಲ ಹೆಂಟೆ ತೆಗೆಯುತ್ತಾನೆ. ಗುರುತಿಲ್ಲದ್ದನ್ನು ಹುಡುಕಿ ಆರಿಸಿದ ನನ್ನ ಎಚ್ಚರಿಕೆಯೇ ನನ್ನನ್ನು ಆ ಒಂದರ ಬಳಿಗೆ ನೆಟ್ಟಗೆ ಕರೆದೊಯ್ದಿತ್ತು.

ಮರುದಿನ ಏಳನೆಯ ತರಗತಿಯಲ್ಲಿ ಹಾಲುಮತದ ಮಕ್ಕಳು ಒಬ್ಬರೂ ಇರಲಿಲ್ಲ. ಮೊಮ್ಮಗಳೂ ಬರಲಿಲ್ಲ. ಅದೇ ದಿನ ಹಟ್ಟಿಯಲ್ಲಿ ಒಂದು ಕುರಿ ಸತ್ತಿತು. ಕುರಿ ಸಾಯುವುದು ಹೊಸದಲ್ಲ. ಎಳೆಯ ಮೇವು ತಿಂದು ಹೊಟ್ಟೆಯುಬ್ಬರಿಸಿ ಸಾಯುವುದನ್ನು ಆ ಮಳೆಗಾಲದಲ್ಲಿಯೇ ಕಂಡಿದ್ದೆ. ಈಗ ಊರವರಿಗೆ ಅದಕ್ಕೆ ಬೇರೆ ಕಾರಣ ಸಿಕ್ಕಿತ್ತು. ಕ್ಷೌರದವನು ನನ್ನನ್ನು ಕೂರಿಸಿ, ಅರ್ಧಕ್ಕೆ ಬಿಟ್ಟು ಎದ್ದುಹೋಗಿ, ಬಹಳ ಹೊತ್ತಿನ ಮೇಲೆ ಬಂದು ಉಳಿದರ್ಧ ಮುಗಿಸಿದ. ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ಕುಳಿತ ಆ ಹೊತ್ತು ಇಂದಿಗೂ ನನ್ನ ಮೈಯಲ್ಲಿದೆ. ಕೋಲು ಹಿಡಿದ ಗುಂಪು ಏನು ಮಾಡಬಲ್ಲದೆಂದು ನಲವತ್ತೆಂಟರಲ್ಲಿ, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಹಿಂದುಮುಂದಿನ ದಿನಗಳಲ್ಲಿ, ಹದಿಮೂರು ವರ್ಷದವನಾಗಿ ನಾನು ಕಂಡಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕುರಿಗಾರರ ಕೈಯಲ್ಲಿ ಕೋಲು ಸದಾ ಇರುವುದೇ. ಆ ವಾರ ಮಾತ್ರ ನನಗೆ ಬರೀ ಕೋಲುಗಳೇ ಕಂಡವು.

ಹೆಡ್ ಮಾಸ್ತರರು ಹಳೆಯ ಕಾಲದವರು, ಬೀದರಿನ ಕಡೆಯ ಮುಸಲ್ಮಾನರು. ಎಂಟು ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಬದುಕುವುದನ್ನು ಅವರು ರೂಢಿಸಿಕೊಂಡಿದ್ದರು. ನಾನು ಎಲ್ಲವನ್ನೂ ಹೇಳಿದೆ. ಕೋಣೆಯ ಬಾಗಿಲು ಮುಚ್ಚಿ ಬಂದು ಕುಳಿತರು. ದೇವರು ಮಣ್ಣಿನಿಂದ ಆದಮನನ್ನು ಮಾಡಿದ ಎಂದು ತಾವು ಮನೆಯಲ್ಲಿ ಮಕ್ಕಳಿಗೆ ಕಲಿಸುವುದಾಗಿಯೂ, ಶಾಲೆಯಲ್ಲಿ ಈ ಪಾಠ ಬಂದಾಗಲೆಲ್ಲ ನೆಗಡಿಯಾಗಿದೆಯೆಂದು ರಜೆ ಹಾಕುತ್ತಿದ್ದುದಾಗಿಯೂ ಒಪ್ಪಿಕೊಂಡರು. ನಗಬೇಕೆನ್ನಿಸಿದರೂ ಇಬ್ಬರಿಗೂ ನಗು ಬರಲಿಲ್ಲ. ಪಾಠ ಇಲ್ಲಿಗೇ ಬಿಡು ಎಂದರು. ಬಿಡಲಾಗದಿದ್ದರೆ ಮೀನು, ಆಮೆ, ಹಂದಿ ಎಂದು ಅವತಾರಗಳನ್ನು ಸಾಲಾಗಿ ಹೇಳಿ ಇದೇ ವಿಕಾಸ ಎಂದು ಮುಗಿಸು, ಎಲ್ಲರಿಗೂ ಖುಷಿ. ಅದು ನಿಜವಲ್ಲವಲ್ಲ ಎಂದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಬೇಟಾ, ನಿಜ ಹೇಳಾಕ ವಯಸ್ಸಾಗೂತನಕ ಬದುಕಬೇಕಲ್ಲ. ಶಹಾಪುರಕ್ಕ ಹೋಗು. ಠಾಣೆದಾಗ ಒಂದು ಅರ್ಜಿ ಕೊಡು. ಹಂಗs ಯಾದಗಿರಿ ಬಸ್ ಹಿಡಿ. ಹಬ್ಬ ಮುಗದ ಮ್ಯಾಲ ನೋಡೂನು.”

ನವೆಂಬರ್ ಒಂದರ ಹಿಂದಿನ ದಿನ ನಾನು ಶಹಾಪುರಕ್ಕೆ ನಡೆದೆ. ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಮುತ್ಯಾನ ಮನೆಯಲ್ಲಿ ಏನೂ ಹೇಳಿರಲಿಲ್ಲ. ಸರ್ಕಾರಿ ಕಚೇರಿಗಳ ಮುಂದೆ ಫಲಕಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ಹಳೆಯ ಅಕ್ಷರಗಳು ಹೋಗಿದ್ದವು, ಹೊಸವು ಇನ್ನೂ ಮೂಡಿರಲಿಲ್ಲ. ನಾಳೆಯಿಂದ ತಾವು ಯಾರ ನೌಕರರು, ಸಂಬಳ ಯಾವ ಊರಿನಿಂದ ಬರುತ್ತದೆ ಎಂಬುದೇ ಎಲ್ಲರ ಮಾತು. ಆ ಖಾಲಿ ಫಲಕದ ಕೆಳಗೆ ನಿಂತು ಅರ್ಜಿಯ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿದೆ. ಮೊದಲ ವಾಕ್ಯದಲ್ಲಿಯೇ ಮುತ್ಯಾನ ಹೆಸರು ಬರೆಯಬೇಕು. ಅವನು ನನಗೆ ಏನು ಮಾಡಿದ್ದ? ಏನೂ ಇಲ್ಲ. ಮಾಡಿಯಾನು ಎಂಬ ನನ್ನ ಭಯದ ಹೊರತು ನನ್ನ ಬಳಿ ಬೇರೆ ಸಾಕ್ಷ್ಯವಿರಲಿಲ್ಲ. ಅವನ ಅಂಗಳಕ್ಕೆ ಪೊಲೀಸರನ್ನು ಕಳಿಸಿದ ಮೇಲೆ ಆ ಮನೆಯ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವಂತಿಲ್ಲ. ಅರ್ಜಿ ಬರೆಯಲಿಲ್ಲ.

ಯಾದಗಿರಿಯ ಬಸ್ಸು ನಿಂತಿತ್ತು. ಕ್ಲೀನರ್ ಮುಂದೆ ಬಾಗಿ ಹ್ಯಾಂಡಲ್ ತಿರುಗಿಸುತ್ತಿದ್ದ. ಯಾದಗಿರಿಯಲ್ಲಿ ರೈಲು, ರೈಲಿನ ಆಚೆ ವಾಡಿ, ವಾಡಿಯಲ್ಲಿ ತಾಯಿ. ಏರಿ ಕುಳಿತೆ ಕೂಡ. ಎಂಜಿನ್ ಹೊತ್ತಿಕೊಂಡು ಬಸ್ಸು ಮೈ ನಡುಗಿಸಿದಾಗ ಹೊಳೆದದ್ದು ಇಷ್ಟು: ನಾನು ಹೋದರೆ ಊರಿನಲ್ಲಿ ಪಾಠ ಸೋಲುವುದಿಲ್ಲ, ಪಾಠವೇ ಇರುವುದಿಲ್ಲ. ಹುತ್ತ ಒಡೆದ ಮಾಸ್ತರ ಸದ್ದಿಗೆ ಹೆದರಿ ಓಡಿದ ಎಂಬ ಕಥೆ ಉಳಿಯುತ್ತದೆ. ಕಥೆ ಹೇಳುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಮುಂದೆ ಬರುವ ಯಾವ ಮಾಸ್ತರನೂ ಆ ಪುಟ ತೆರೆಯುವುದಿಲ್ಲ. ಇದನ್ನು ಧೈರ್ಯವೆಂದು ಕರೆದರೆ ತಪ್ಪಾದೀತು. ಚೀಲ ಎತ್ತಿಕೊಂಡು ಇಳಿದುಬಿಟ್ಟೆ. ಕ್ಲೀನರ್ ಹೊಟ್ಟಿ ಕೆಟ್ಟದೇನ್ರಿ ಎಂದು ಕೇಳಿದ, ಹೌದೆಂದೆ.

ಗುರುವಾರ ಶಾಲೆಯಲ್ಲಿ ಧ್ವಜ ಹಾರಿತು. ಹೆಡ್ ಮಾಸ್ತರರು ಹೊಸ ರಾಜ್ಯದ ಬಗ್ಗೆ ಬರೆದುಕೊಂಡು ಬಂದ ಕನ್ನಡ ಭಾಷಣವನ್ನು ತಡೆತಡೆದು ಓದಿದರು, ಬೆಲ್ಲ ಹಂಚಿದರು. ಹಾಲುಮತದ ಮಕ್ಕಳ ಸಾಲು ಖಾಲಿಯೇ ಇತ್ತು. ಮೈದಾನದ ಅಂಚಿನಲ್ಲಿ ಕೆಲವು ಕುರಿಗಾರ ಯುವಕರು ಕೋಲಿಗೆ ಗದ್ದವೂರಿ ನಿಂತು ನನ್ನನ್ನೇ ನೋಡುತ್ತಿದ್ದರು.

ಶುಕ್ರವಾರ ಅಮಾವಾಸ್ಯೆಯ ದೀಪ ಹಚ್ಚಿದ ಮೇಲೆ ಆಯಿ ಮನೆಯ ಗಂಡಸರನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ಸಾಲು ಮುಗಿಯಿತು. ಆಯಿ ತಟ್ಟೆ ಹಿಡಿದು ಒಂದು ಗಳಿಗೆ ನಿಂತಳು, ಮುತ್ಯಾನ ಕಡೆ ನೋಡಿದಳು. ಅವನು ಬೇರೆ ಕಡೆ ನೋಡುತ್ತಿದ್ದ. ಆಯಿ ನಡೆದು ಬಂದು ನನಗೂ ಆರತಿ ಎತ್ತಿದಳು. ಹೆದರಿದವರು ಹೊಟ್ಟಿ ತುಂಬ ಉಣಬೇಕು, ಇಲ್ಲಂದ್ರ ಹೆದರಿಕಿನೇ ಮನಷ್ಯಾನ್ನ ಉಣತದ ಎಂದು ಗೊಣಗಿದಳು. ಆಗ ಮುತ್ಯಾ, ಗೋಡೆಗೆ ಹೇಳುವವನಂತೆ, ನಾಳೆ ಹೊತ್ತು ಮುಳುಗುವ ಮುಂದ ಮಾಸ್ತರರು ಹಟ್ಟಿಗೆ ಬರಬೇಕು ಎಂದ.

ಹೋಗದಿರುವ ಅವಕಾಶ ಇನ್ನೂ ಇತ್ತು. ಪಾಡ್ಯದ ದಿನವಿಡೀ ಆ ಅವಕಾಶದೊಂದಿಗೆ ಕುಳಿತಿದ್ದೆ. ಸಂಜೆ ಎದ್ದು ಹೋದೆ. ಊರಾಚೆಯ ಬೀಳಿನಲ್ಲಿ ಮುಳ್ಳುಬೇಲಿಯ ಹಟ್ಟಿ. ಕೋಡುಗಳಿಗೆ ಕೆಮ್ಮಣ್ಣು ಬಳಿದ, ಚೆಂಡುಹೂವು ಕಟ್ಟಿದ ಕುರಿಗಳು. ಊರಿನ ಕುರಿಗಾರ ಗಂಡಸರೆಲ್ಲ ಸೇರಿದ್ದರು. ನಡುವೆ ಮೊಣಕಾಲೆತ್ತರದ ಹೊಸ ಹುತ್ತ. ಆ ಮಣ್ಣನ್ನು ನೋಡಿದೊಡನೆ ಗುರುತಿಸಿದೆ. ನಾವು ಕೆಡವಿದ ಪಾಲಿನದೇ ಮಣ್ಣು. ಬೂಷ್ಟಿನ ಗಡ್ಡೆಯ ಚೂರುಗಳು ಅದರಲ್ಲಿ ಕಾಣುತ್ತಿದ್ದವು. ನನ್ನ ಹಿಂದೆ ಬೇಲಿಯ ಬಾಯಿ ಮುಚ್ಚಿದರು. ಡೊಳ್ಳು ನಿಂತಿತು.

“ಹುತ್ತ ಒಡದಾಂವ ನೀನೇ ಏನು?” ಮುತ್ಯಾ ಕೇಳಿದ. ಅದುವರೆಗೆ ಅವನು ನನಗೆ ನೀನು ಎಂದಿರಲಿಲ್ಲ.

“ಹೌದ್ರಿ. ನಾನೇ.”

“ಒಳಗ ಏನಿತ್ತು?”

ನಾನು ಹೆದರಿದ್ದ ಪ್ರಶ್ನೆ ಇದೇ. ನೋಡಲಿಲ್ಲ ಎನ್ನಬಹುದಿತ್ತು, ತಿಳಿಯಲಿಲ್ಲ, ತಪ್ಪಾಯಿತು ಎಂದು ಕಾಲು ಹಿಡಿಯಬಹುದಿತ್ತು. ಅದಕ್ಕೆ ಬೇಕಾದ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಆದರೆ ಪಾಟಿಯ ಮೇಲೆ ಚಿತ್ರ ಬರೆದ ಮಕ್ಕಳು ಬೇಲಿಯ ಆಚೆ ನಿಂತು ಕೇಳುತ್ತಿದ್ದರು.

“ಗೆದ್ದಲ ಇದ್ದೂರಿ. ಕುರಿ ಇದ್ದಿಲ್ಲ.”

ಗುಂಪು ಅಲುಗಿತು. ಮಾಸ್ತರಗ ಕುರಿ ಕಾಣಲಿಲ್ಲಂದ್ರ ಕಣ್ಣಿಗಿ ಔಷಧ ಹಾಕೂನು ತಡೀರಿ ಎಂದು ಹಿಂದಿನಿಂದ ಒಬ್ಬ ಅಂದ. ಕೋಲುಗಳು ಒಂದಕ್ಕೊಂದು ತಾಗಿದ ಸದ್ದು ಕೇಳಿತು.

“ಸುಮ್ನಿರೋ,” ಎಂದ ಮುತ್ಯಾ. “ಹುತ್ತದಾಗ ಗೆದ್ದಲ ಬಿಟ್ಟು ಎಮ್ಮಿ ಇರತಾವೇನು?”

ಒಬ್ಬಿಬ್ಬರು ತಡೆಯಲಾರದೆ ನಕ್ಕರು. ಮುತ್ಯಾ ನಗಲಿಲ್ಲ. ಪೂಜಾರಿಯ ಕಡೆ ತಿರುಗಿ ನಿಧಾನವಾಗಿ, ಡೊಳ್ಳಿನ ಮುಂದೆ ಕಥೆ ಹೇಳುವ ದನಿಯಲ್ಲಿ, ಕೇಳುತ್ತ ಹೋದ. ಮೂಲದಲ್ಲಿ ಹುತ್ತ ಒಡೆದವನು ಬೇಕೆಂದು ಒಡೆದನೋ, ಅರಿಯದೆ ಒಡೆದನೋ? ಅರಿಯದೆ ಎಂದ ಪೂಜಾರಿ. ಒಡೆಯುವ ಮುಂಚೆ ಅವನು ಕುರಿಗಾರನಾಗಿದ್ದನೋ? ಇಲ್ಲ, ಬರೀ ಹೊಲ ಉಳುವ ಒಕ್ಕಲಿಗ.

“ಒಡದ ಮ್ಯಾಲ ದೇವ್ರು ಅವನ್ನ ಬಡದನೋ?”

ಪೂಜಾರಿ ಸುತ್ತಲಿನ ಮುಖಗಳನ್ನು ನೋಡಿದ. ಉತ್ತರ ಹೇಳಲು ಅವನಿಗೆ ಮನಸ್ಸಿರಲಿಲ್ಲ ಎಂಬುದು ನನಗೂ ಕಂಡಿತು.

“ಇಲ್ಲ,” ಎಂದ ಕೊನೆಗೆ. “ಒಡದಾಂವ ನೀನು, ಕಾಯಾಂವನೂ ನೀನೇ ಅಂದ. ಕಥಿ ಹಂಗs ಅದ.”

“ಹಂಗಾದ್ರ ಈ ವರ್ಷ ಕುರಿ ಮುಂದ ನಡ್ಯಾಂವ ಇಂವ,” ಎಂದ ಮುತ್ಯಾ.

ಯಾರೂ ಕೋಲು ಕೆಳಗಿಡಲಿಲ್ಲ. ಮುತ್ಯಾ ತನ್ನ ಹೆಗಲ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದ. ಬೀಳಿನ ಆಚೆ ತುದಿಯ ಬೇವಿನ ಗಿಡ ತೋರಿಸಿ, ಅಲ್ಲಿಯವರೆಗೆ ನಡೆಯಬೇಕು, ಓಡಬಾರದು, ಏನೇ ಸದ್ದಾದರೂ ತಿರುಗಿ ನೋಡಬಾರದು ಎಂದ. ಕಂಬಳಿಯ ಅಂಚನ್ನು ಸರಿಪಡಿಸುವಾಗ ಅವನ ಕಣ್ಣು ನನ್ನ ಹಿಂದಿನ ಕೋಲುಗಳನ್ನೇ ಎಣಿಸುತ್ತಿತ್ತು. ಅವನೂ ಹೆದರಿದ್ದಾನೆ ಎಂದು ತಿಳಿದ ಆ ಕ್ಷಣ, ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಭಯವಾದ ಕ್ಷಣ.

ಬೇಲಿಯ ಬಾಯಿ ತೆರೆಯಿತು. ನಡೆದೆ. ಹಿಂದೆ ಡೊಳ್ಳು ಒಮ್ಮೆಲೇ ಸಿಡಿಯಿತು, ಕೇಕೆ ಎದ್ದಿತು. ಆ ಮೇಲೆ ನೆಲ ಅದುರತೊಡಗಿತು. ಕುರಿಗಳ ಗೊರಸೋ ಮನುಷ್ಯರ ಕಾಲೋ ಬೇರ್ಪಡಿಸಿ ಕೇಳಲು ಯತ್ನಿಸಿದೆ, ಆಗಲಿಲ್ಲ. ಬೆನ್ನಿನ ಮೇಲೆ ಎಲ್ಲಿ ಮೊದಲ ಪೆಟ್ಟು ಬೀಳುತ್ತದೆ ಎಂದು ಚರ್ಮವೇ ಕಾಯುತ್ತಿತ್ತು. ಸದ್ದು ಹತ್ತಿರವಾಯಿತು. ತಿರುಗಿ ನೋಡಬೇಕೆಂಬ ಆಸೆ ಬಾಯಾರಿಕೆಯಂತೆ ಏರಿತು. ನೋಡಲಿಲ್ಲ. ಸಂಯಮದಿಂದಲ್ಲ, ವಿಶ್ವಾಸದಿಂದಲೂ ಅಲ್ಲ. ಭಯಕ್ಕೆ ನನ್ನ ಕುತ್ತಿಗೆ ಮರಗಟ್ಟಿಹೋಗಿತ್ತು, ಬಯಸಿದರೂ ತಿರುಗುತ್ತಿರಲಿಲ್ಲ. ಅಷ್ಟರಲ್ಲಿ ಎಡಗೈಗೆ ಬೆಚ್ಚಗಿನ ಉಣ್ಣೆ ತಾಗಿತು, ಆಮೇಲೆ ಬಲಗೈಗೆ. ಕುರಿಗಳು ನನ್ನ ಎರಡೂ ಮಗ್ಗುಲಿನಿಂದ, ಕಲ್ಲನ್ನು ಬಳಸುವ ನೀರಿನಂತೆ, ಹರಿದುಹೋದವು. ಧೂಳಿನಲ್ಲಿ ಬೇವಿನ ಗಿಡ ಕಾಣದಾಯಿತು. ಕೈಗೆ ತೊಗಟೆ ತಾಗಿದ ಮೇಲೆಯೇ ಅದು ಬಂತೆಂದು ತಿಳಿದು, ಅದನ್ನು ತಬ್ಬಿ ನಿಂತೆ.

ಸೋಮವಾರ ಏಳನೆಯ ತರಗತಿ ತುಂಬಿತ್ತು. ಪಾಠವನ್ನು ನಿಲ್ಲಿಸಿದ ವಾಕ್ಯದಿಂದಲೇ ಮುಂದುವರಿಸಿದೆ, ಕಾಡುಕುರಿಯಿಂದ. ಸಂಜೆ ಅಂಗಳದಲ್ಲಿ ಮುತ್ಯಾನ ಕಥೆ ಮೊದಲಾಯಿತು. ಅವನು ನನ್ನ ಪಾಠದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನ ಕಥೆಯ ಬಗ್ಗೆ ನಾನೂ ಆಡಲಿಲ್ಲ.

ಹೊಸ ರಾಜ್ಯದ ತಪಾಸಣಾಧಿಕಾರಿ ಬಂದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ಹಿಂದೆಯೋ ಮುಂದೆಯೋ ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ. ಮತ್ತೊಮ್ಮೆ ಓದಿಸಲೆಂದು ಹಲಗೆಯ ಮೇಲೆ ಬರೆದಿದ್ದ ‘ವಿಕಾಸ’ ನೋಡಿ, ಮುಂದಿನ ಸಾಲಿನಲ್ಲಿದ್ದ ಮುತ್ಯಾನ ಮೊಮ್ಮಗಳನ್ನು ಎಬ್ಬಿಸಿ ಕುರಿ ಹೇಗೆ ಉಂಟಾಯಿತು ಎಂದು ಕೇಳಿದರು. ಹೆಡ್ ಮಾಸ್ತರರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಅವಳು ನನ್ನ ಕಡೆ ನೋಡಲಿಲ್ಲ.

“ಸಾಲಿದು ಹೇಳ್ಲೇನ್ರಿ, ಮನಿದು ಹೇಳ್ಲೇನ್ರಿ?”

ದಕ್ಷಿಣದ ಕಡೆಯವರಾದ ಆ ಅಧಿಕಾರಿಗೆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಶಾಲೆಯದು ಹೇಳಮ್ಮ ಎಂದರು. ಕಾಡುಕುರಿಯಿಂದ ಆರಂಭಿಸಿ, ಆರಿಸಿ ಉಳಿಸಿದ ಟಗರಿನವರೆಗೆ ತಪ್ಪಿಲ್ಲದೆ ಹೇಳಿದಳು. ಅವರು ತೃಪ್ತರಾಗಿ ಮುಂದೆ ಹೋದರು. ಅವಳು ಕೂರದೆ ನಿಂತೇ ಇದ್ದಳು. ಮನೆಯದನ್ನೂ ಕೇಳಿಯಾರೆಂದು ಕಾಯುತ್ತಿದ್ದಳು.

ಬೇಸಿಗೆಯಲ್ಲಿ ನನಗೆ ಯಾದಗಿರಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಬಂಡಿಗೆ ಪೆಟ್ಟಿಗೆ ಏರಿಸಿ ಮುತ್ಯಾ ಊರ ಹೊರಗಿನ ತನಕ ಬಂದ. ತಿಂಗಳುಗಳಿಂದ ಕೇಳದೆ ಉಳಿದದ್ದನ್ನು ಅಲ್ಲಿ ಕೇಳಿದೆ: ಅಂದು ಹಟ್ಟಿಯಲ್ಲಿ ಅವರು ನನ್ನನ್ನು ಹೊಡೆಯುತ್ತಿದ್ದರೇ?

ಮುತ್ಯಾ ಬಾಯೊಳಗಿನ ಎಲೆ ಅಡಿಕೆ ಉಗುಳಿದ.

“ಅವರ ಕೈಯಾಗ ಕೋಲ ಇದ್ದೂ, ತಮ್ಮಾ. ನನ್ನ ಕೈಯಾಗ ಕಥಿ ಇತ್ತು.”

“ನಾ ತಿರುಗಿ ನೋಡಿದ್ರ?”

“ನೋಡಿದ್ರ ಕಥಿ ಅವರ ಕಡಿ ಹೋಗತಿತ್ತು,” ಎಂದು ಅವನು ಎತ್ತಿನ ಬೆನ್ನು ತಟ್ಟಿದ. ಬಂಡಿ ಹೊರಟಿತು. ಹಿಂದೆ ಅವನು ನಿಂತಿದ್ದನೋ ಹೊರಟುಹೋದನೋ ನನಗೆ ಗೊತ್ತಿಲ್ಲ. ಸಗರದ ತಿರುವಿನವರೆಗೂ ನಾನು ಎತ್ತುಗಳ ಕೋಡುಗಳನ್ನೇ ನೋಡುತ್ತ ಕುಳಿತಿದ್ದೆ.